ಸಹಾಯ ಬೇಕು: ಶೂಗೇಜ್ (ಗಿಟಾರ್ ಸದ್ದಿನ ಮೋಡದಲ್ಲಿ ದನಿ ಕರಗೋ ರಾಕ್) ಆದಮೇಲೆ ಏನು ಕೇಳೋದು?

ಪೇವ್‌ಮೆಂಟ್, ಪಿಕ್ಸೀಸ್ ಥರದ ಒರಟು ಗಿಟಾರಿನ ಇಂಡೀ ರಾಕ್ ಈಗ ಯಾಕೋ ಕಿವಿಗೆ ಹತ್ತುತ್ತಿಲ್ಲ. ಮೈ ಬ್ಲಡಿ ವ್ಯಾಲೆಂಟೈನ್ ಬ್ಯಾಂಡ್‌ನ 1991ರ ಶೂಗೇಜ್ ಆಲ್ಬಮ್ 'ಲವ್‌ಲೆಸ್' ಹುಚ್ಚು ಹಿಡಿಸಿದೆ. ಅದರ ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಟ್ರೆಮೊಲೊ ಕಡ್ಡಿ (ತಂತಿಗಳ ಬಿಗಿ ಬದಲಿಸೋ ಗಿಟಾರಿನ ಹಿಡಿ) ಕೈಯಲ್ಲಿ ಹಿಡಿದುಕೊಂಡೇ ತಂತಿ ಮೀಟೋದರಿಂದ ಇಡೀ ಕಾರ್ಡ್‌ನ ಶ್ರುತಿಯೇ ಓಲಾಡುತ್ತೆ, ಹಾಡುವ ದನಿ ಗಿಟಾರಿನ ಅಡಿಗೆ ಸೇರುತ್ತೆ. (ಫೋನ್ ಸ್ಪೀಕರಲ್ಲಿ ಕೇಳಿ ಬೈಬೇಡಿ. ಬೇಸ್ ಎಲ್ಲ ಹೋಗಿ ಬರೀ ಜುಂಯ್ ಉಳಿಯುತ್ತೆ. ಒಳ್ಳೇ ಹೆಡ್‌ಫೋನ್ ಹಾಕಿ, ಈಕ್ವಲೈಸರ್ ಆಫ್ ಮಾಡಿ.)

ಇದೇ ಥರದ ಬ್ಯಾಂಡ್‌ಗಳಾದ ಸ್ಲೋಡೈವ್, ರೈಡ್, ಲಶ್ ಕೇಳಿ ಮುಗಿದಿವೆ. ರಿವರ್ಬ್ (ಮಾರ್ದನಿ) ಸುರಿದು ಹಾಡನ್ನೇ ಮುಳುಗಿಸೋ ಬ್ಯಾಂಡ್ ಬೇಡ, ಡ್ರಮ್ ಸ್ಪಷ್ಟವಾಗಿ ಕೇಳಬೇಕು. ಯೋ ಲಾ ಟೆಂಗೊ ಬ್ಯಾಂಡ್ ಹೇಗೆ? 1993ರ 'ಪೇನ್‌ಫುಲ್'ನಿಂದ ಶುರು ಮಾಡಲೋ, 1997ರ 'ಐ ಕ್ಯಾನ್ ಹಿಯರ್ ದ ಹಾರ್ಟ್ ಬೀಟಿಂಗ್ ಆಸ್ ಒನ್' ಆಲ್ಬಮ್‌ನಿಂದಲೋ? ಮೊದಲು ಯಾವ ಟ್ರ್ಯಾಕ್ ಅಂತಾನೂ ಬರೀರಿ. ಪ್ಲೇಲಿಸ್ಟ್ ಲಿಂಕ್ ಮಾತ್ರ ಬೇಡ, ಆಲ್ಬಮ್ಮನ್ನ ಸಾಲಾಗಿ ಕೇಳೋ ಆಸೆ.