ಗ್ರಾಂಟ್ ಫಾರಂನಲ್ಲಿ ಸಿಎಸ್‌ಆರ್-1 ನಂಬರ್ ಜಾಗ ಖಾಲಿ ಬಿಡಬಹುದಾ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಪಾಂಡವಪುರದ ಹತ್ರ ಕಬ್ಬು ಕಡಿಯೋಕೆ ಬರೋರ ಮಕ್ಕಳಿಗೆ ಸಂಜೆ ಪಾಠ ಮಾಡೋ ಸಣ್ಣ ಟ್ರಸ್ಟ್ ನಮ್ದು, ಒಂದೇ ಟ್ಯೂಬ್‌ಲೈಟ್ ಕೆಳಗೆ 26 ಮಕ್ಕಳು, ಕರೆಂಟ್ ಹೋದ್ರೆ ನನ್ನ ಮೊಬೈಲ್ ಟಾರ್ಚೇ ಗತಿ. ದೊಡ್ಡ ಖಾಸಗಿ ಫೌಂಡೇಶನ್ ಒಂದಕ್ಕೆ ಗ್ರಾಂಟ್ ಕೇಳ್ತಿದೀವಿ. 12ಎ, 80ಜಿ (ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ನೋಂದಣಿಗಳು), ದರ್ಪಣ್ ಐಡಿ (ಎನ್‌ಜಿಒಗಳಿಗೆ ಸರ್ಕಾರಿ ಪೋರ್ಟಲ್ ಕೊಡೋ ನಂಬರ್), 3 ವರ್ಷದ ಆಡಿಟ್ ಎಲ್ಲಾ ರೆಡಿ, ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಮಾಡಿಸೋ ಸಿಎಸ್‌ಆರ್-1 ನೋಂದಣಿ ಒಂದಿಲ್ಲ. ಮಂಡ್ಯದ ಆಡಿಟರ್ರು ಅದು ಕಂಪನಿಗಳು ಸಮಾಜ ಸೇವೆಗೆ ಅಂತ ಕೊಡೋ ಸಿಎಸ್‌ಆರ್ ದುಡ್ಡು ತಗೊಳೋರಿಗೆ ಕಣ್ರೀ, ಇವ್ರು ಕೊಡೋದು ಫೌಂಡೇಶನ್ನಿನ ಸ್ವಂತ ದುಡ್ಡು, ಬೇಡ ಅಂತಾರೆ, ಮೈಸೂರಲ್ಲಿ ಇನ್ನೊಬ್ರು ಅದಿಲ್ದಿದ್ರೆ ಫೈಲೇ ತೆಗೆಯಲ್ಲ ಅಂತ ಹೆದರಿಸ್ತಾರೆ. ಫೌಂಡೇಶನ್ನಿಗೇ ಎರಡು ಸಲ ಮೇಲ್ ಹಾಕ್ದೆ, ಬಂದಿದ್ದು ಆಟೋ ರಿಪ್ಲೈ ಅಷ್ಟೇ. ಇಂಥ ಗ್ರಾಂಟ್ ತಗೊಂಡಿರೋರು ಯಾರಾದ್ರೂ ಇದ್ರೆ ಹೇಳಿ, ಆ ಜಾಗದಲ್ಲಿ 'ಅನ್ವಯಿಸಲ್ಲ' ಅಂತ ಬರೆದು ಕಳಿಸ್ಲಾ, ಇಲ್ಲ ಮೊದ್ಲು ಸಿಎಸ್‌ಆರ್-1 ಮಾಡಿಸ್ಕೊಂಡೇ ಅಪ್ಲೈ ಮಾಡ್ಲಾ?