ಆಮದಾರರ (ಶಾಸಕರ) ಬೇಸಿಗೆ ಪುಸ್ತಿಕೆ ಬಂದಿದೆ, ನಮ್ಮಂಥವರು ಇದನ್ನು ಹಿಡಿದು ಏನು ಕೇಳಬಹುದು?

ಗುಡ್ಡದ ಚಾಳು, ಮುಂಬೈ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬೈ ಪೂರ್ವ ಉಪನಗರದಲ್ಲಿ ಗುಡ್ಡದ ಮೇಲಿನ ಚಾಳು. ಮೂಲ ಕಲಬುರಗಿ ಕಡೆ. ಈ ವಾರ ನಮ್ಮ ಆಮದಾರರ ಜನಸಂಪರ್ಕ ಕಾರ್ಯಾಲಯದವರು ಮನೆಮನೆಗೆ ಒಂದು ಪುಸ್ತಿಕೆ ಕೊಟ್ಟು ಹೋದರು. ಪೂರ್ತಿ ಮರಾಠಿ. ಮೊದಲ ಅರ್ಧ ಭೂಮಿಪೂಜೆಯ ಫೋಟೋಗಳು. ಉಳಿದ ಅರ್ಧ ಮಾತ್ರ ಕೆಲಸಕ್ಕೆ ಬರುವಂಥದ್ದು: ನೀರು ಕಡಿತ, ದಾಖಲೆ ಮಾಡಿಸುವ ಶಿಬಿರ, ಶಾಲೆ ಪ್ರವೇಶ, ಆಸ್ಪತ್ರೆ ಯೋಜನೆ, ಮಳೆಗೆ ಮುಂಚೆ ನಾಲಾ ಸಫಾಯಿ, ಹೀಗೆ. ನಾನು ಇಲ್ಲೇ ಓದಿದವನು, ನನಗೆ ತೊಂದರೆ ಇಲ್ಲ. ಚಾಳಿನ ಹಿರಿಯರಿಗೆ ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆಲ್ಲ ನಾನೇ ಕೂತು ಓದಿ ಹೇಳುತ್ತಿದ್ದೇನೆ.

ಓದಿ ಹೇಳುವಾಗ ಎಲ್ಲರೂ ಒಂದೇ ಮಾತು ಕೇಳುತ್ತಾರೆ, ಇದನ್ನೆಲ್ಲ ಅವರು ಮಾಡಿಕೊಡುತ್ತಾರಾ ಅಂತ. ನಮಗೆ ಎರಡು ದೊಡ್ಡ ಕಷ್ಟ ಇದೆ. ಏಪ್ರಿಲ್ ಬಂತೆಂದರೆ ಮೇಲಿನ ಸಾಲಿನ ಮನೆಗಳಿಗೆ ನೀರು ಏರುವುದಿಲ್ಲ, ಹೆಂಗಸರು ರಾತ್ರಿ ಎಲ್ಲ ಕಾಯುತ್ತಾರೆ. ಇನ್ನೊಂದು, ಹಿಂದಿನ ಗುಡ್ಡಕ್ಕೆ ತಡೆಗೋಡೆ ಅರ್ಧಕ್ಕೇ ನಿಂತಿದೆ. ಇದನ್ನು ಆಮದಾರರಿಗೆ ಹೇಳಬೇಕಾ, ನಗರಸೇವಕರಿಗಾ (ಪಾಲಿಕೆ ಸದಸ್ಯರಿಗಾ), ವಾರ್ಡ್ ಆಫೀಸಿಗಾ? ಊರಿಂದ ಬಂದವರು, ಕನ್ನಡದವರು ಅಂತ ನಮ್ಮ ಮಾತು ಕೇಳದೇ ಇರುತ್ತಾರಾ? ಅತ್ತಿಗೆಯ ದಾಖಲೆಗಳದ್ದೂ ಒಂದು ಸಮಸ್ಯೆ ಇದೆ, ಅದನ್ನು ಆಮೇಲೆ ಬರೆಯುತ್ತೇನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮಾಟುಂಗದ ಹಳಬ

ತಮ್ಮಾ, ಪುಸ್ತಿಕೆಯನ್ನು ಎಸೆಯಬೇಡ. ಅದರಲ್ಲಿ ಅವರೇ ಅಚ್ಚು ಹಾಕಿಸಿದ ಮಾತು ಇದೆ. ನಾಳೆ ನಿನ್ನ ಅರ್ಜಿಯಲ್ಲಿ ‘ತಮ್ಮ ಪುಸ್ತಿಕೆಯ ಇಂಥ ಪುಟದಲ್ಲಿ ಹೇಳಿದಂತೆ’ ಅಂತ ಬರೆಯಬಹುದು, ಅದಕ್ಕೆ ತೂಕ ಬೇರೆ.

ಯಾರ ಕೆಲಸ ಯಾವುದು ಅಂತ ಮೊದಲು ತಿಳಿದುಕೊಳ್ಳಬೇಕು. ಗಲ್ಲಿಯ ನಳ, ಗಟಾರ, ಕಸ, ನಾಲಾ ಸಫಾಯಿ ಇವೆಲ್ಲ ಪಾಲಿಕೆಯದು, ಅಂದರೆ ವಾರ್ಡ್ ಆಫೀಸು ಮತ್ತು ನಗರಸೇವಕರು. ಮಾರ್ಚ್ 2022ರಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಹಲವು ವರ್ಷ ಮುಂಬೈಗೆ ನಗರಸೇವಕರೇ ಇರಲಿಲ್ಲ. ಆಗ ಜನ ಎಲ್ಲದಕ್ಕೂ ಆಮದಾರರ ಬಾಗಿಲು ತಟ್ಟಿದರು, ಆ ಅಭ್ಯಾಸ ಇನ್ನೂ ಹೋಗಿಲ್ಲ. ತಹಶೀಲ್ದಾರ್ ಕಚೇರಿ, ರೇಷನ್, ಮ್ಹಾಡಾ (ವಸತಿ ಪ್ರಾಧಿಕಾರ), ಆರೋಗ್ಯ ಯೋಜನೆ ಇವು ರಾಜ್ಯ ಸರಕಾರದ್ದು. ಇಲ್ಲಿ ಆಮದಾರರ ಮಾತು ನೇರವಾಗಿ ನಡೆಯುತ್ತದೆ. ರೈಲು, ಪಾಸ್‌ಪೋರ್ಟ್ ಎಲ್ಲ ಕೇಂದ್ರದ್ದು, ಅದಕ್ಕೆ ಖಾಸದಾರರು, ಅಂದರೆ ಸಂಸದರು.

ನಿನ್ನ ತಡೆಗೋಡೆ ಮಾತ್ರ ಸರಿಯಾಗಿ ಆಮದಾರರ ಕೆಲಸ. ಅವರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಸ್ಥಳೀಯ ಅಭಿವೃದ್ಧಿ ನಿಧಿ ಇರುತ್ತದೆ. 2022ರಲ್ಲಿ 4ರಿಂದ 5 ಕೋಟಿಗೆ ಏರಿಸಿದರು. ಆ ದುಡ್ಡು ಅವರ ಕೈಗೆ ಬರುವುದಿಲ್ಲ. ಅವರು ಕೆಲಸ ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಕಚೇರಿ ಮಂಜೂರು ಮಾಡುತ್ತದೆ. ಉಪನಗರಕ್ಕಾದರೆ ಆ ಕಚೇರಿ ಬಾಂದ್ರಾ ಪೂರ್ವದಲ್ಲಿದೆ. ಗುಡ್ಡದ ಬಸ್ತಿಗಳಲ್ಲಿ ತಡೆಗೋಡೆ ಕಟ್ಟುವ ಕೆಲಸ ಹೆಚ್ಚಾಗಿ ಮ್ಹಾಡಾದ ಝೋಪಡಪಟ್ಟಿ (ಕೊಳಗೇರಿ) ಸುಧಾರಣಾ ಮಂಡಳಿ ಮಾಡುತ್ತದೆ. ಆದ್ದರಿಂದ ಸುಮ್ನೆ ‘ಗೋಡೆ ಕಟ್ಟಿಸಿ ಕೊಡಿ’ ಅಂತ ಬಾಯಲ್ಲಿ ಹೇಳಿ ಬರಬೇಡ. ಎಷ್ಟು ಅಡಿ ಆಗಿದೆ, ಎಷ್ಟು ಉಳಿದಿದೆ, ಕೆಳಗೆ ಎಷ್ಟು ಮನೆ ಇದೆ, ಎರಡು ಫೋಟೋ, ಚಾಳಿನವರ ಸಹಿ, ಇಷ್ಟು ಹಾಕಿ ನಿವೇದನ (ಮನವಿ ಪತ್ರ) ಕೊಡು, ಇನ್ನೊಂದು ಪ್ರತಿಯ ಮೇಲೆ ಸಿಕ್ಕಾ (ಮೊಹರು) ಹಾಕಿಸಿ ಪೋಚ್ (ಸ್ವೀಕೃತಿ) ತೆಗೆದುಕೋ. ಪೋಚ್ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಬೇಗ ಮಾಡು. 2021ರ ಜುಲೈ 18ರ ಬೆಳಗಿನ ಜಾವ ಚೆಂಬೂರಿನ ಮಾಹುಲ್ ಹತ್ತಿರ, ವಿಕ್ರೋಳಿಯಲ್ಲಿ ಗುಡ್ಡದ ಮಣ್ಣು ಜರಿದು ಮಲಗಿದ್ದವರು ಮಲಗಿದ್ದಲ್ಲೇ ಹೋದರು. ಮಳೆ ಶುರುವಾದ ಮೇಲೆ ಗೋಡೆ ಕಟ್ಟಲು ಆಗುವುದಿಲ್ಲ. ಪಾಲಿಕೆಯವರು ಜೂನ್ ಹತ್ತಿರ ಬಂದಾಗ ಮನೆ ಖಾಲಿ ಮಾಡಿ ಅಂತ ನೋಟಿಸು ಅಂಟಿಸಿ ಹೋಗುತ್ತಾರೆ, ಎಲ್ಲಿಗೆ ಹೋಗಬೇಕು ಅಂತ ಜನ ಕೇಳುತ್ತಾರೆ. ಆ ಪ್ರಶ್ನೆಯನ್ನೂ ನಿವೇದನದಲ್ಲಿ ಬರೆ.

ಕುರ್ಲಾ ಅಕ್ಕ

ನೀರಿನ ವಿಷಯ ನಾನು ಹೇಳುತ್ತೇನೆ, ನಮ್ಮ ಮಹಿಳಾ ಮಂಡಳದಲ್ಲಿ ಇದೇ ಕೆಲಸ ಮಾಡಿದ್ದೇವೆ. ಮುಂಬೈಗೆ ಏಳು ಕೆರೆಗಳಿಂದ ನೀರು ಬರುತ್ತದೆ: ತುಳಸಿ, ವಿಹಾರ್, ತಾನಸಾ, ಮೋಡಕ್ ಸಾಗರ್, ಮಧ್ಯ ವೈತರಣಾ, ಅಪ್ಪರ್ ವೈತರಣಾ, ಭಾತ್ಸಾ. ಬೇಸಿಗೆ ಕೊನೆಗೆ ಇವು ತಳ ಕಂಡಾಗ ಕಡಿತ ಶುರು. 2024ರಲ್ಲಿ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10 ಕಡಿತ ಮಾಡಿದ್ದರು. ಕಾಗದದಲ್ಲಿ ಶೇಕಡಾ 10 ಅಂದರೆ ಕೆಳಗಿನ ಬಿಲ್ಡಿಂಗಿಗೆ ಶೇಕಡಾ 10. ಗುಡ್ಡದ ಮೇಲಿನ ನಳಕ್ಕೆ ಒತ್ತಡವೇ ಇಲ್ಲದೆ ಪೂರ್ತಿ ಬಂದ್. ಇದನ್ನು ಯಾರೂ ಪುಸ್ತಿಕೆಯಲ್ಲಿ ಬರೆಯುವುದಿಲ್ಲ, ನಾವೇ ಹೇಳಬೇಕು.

ಮೊದಲು 1916ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಒಬ್ಬರಲ್ಲ, ಸಾಲಿನ ಪ್ರತಿ ಮನೆಯಿಂದ ಮಾಡಿ. ಆ ನಂಬರುಗಳ ಪಟ್ಟಿ ಹಿಡಿದು ವಾರ್ಡಿನ ನೀರು ವಿಭಾಗಕ್ಕೆ ಹೋಗಿ, ನಗರಸೇವಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೇಲಿನ ಸಾಲಿನಲ್ಲಿ ಯಾರಿಗಾದರೂ ಸ್ವಂತ ನಳ ಇಲ್ಲದಿದ್ದರೆ, ಪಾಲಿಕೆಯ ‘ಎಲ್ಲರಿಗೂ ನೀರು’ ನೀತಿ 2022ರ ಮೇಯಿಂದ ಇದೆ, ಮನೆಯ ಕಾಗದ ಪಕ್ಕಾ ಇಲ್ಲದವರೂ ಅರ್ಜಿ ಹಾಕಬಹುದು. ಹಾಗಾದರೆ ಆಮದಾರರಿಗೆ ಏನು ಕೇಳಬೇಕು? ಭಾತ್ಸಾ ಮತ್ತು ಅಪ್ಪರ್ ವೈತರಣಾ ರಾಜ್ಯ ಸರಕಾರದ ಅಣೆಕಟ್ಟುಗಳು. ಅಲ್ಲಿನ ಮೀಸಲು ನೀರು ಬಿಡಲು ರಾಜ್ಯವೇ ಒಪ್ಪಬೇಕು. ಆ ಒಪ್ಪಿಗೆ ಬೇಗ ಸಿಗಲಿ ಅಂತ ಒತ್ತಾಯ ಮಾಡುವುದು ಅವರ ಕೆಲಸ.

ಇನ್ನೊಂದು ಮಾತು. ಪುಸ್ತಿಕೆಯಲ್ಲಿ ಬಿಸಿಲಿನ ಪುಟ ಇದ್ದರೆ ಅದನ್ನು ಕನ್ನಡದಲ್ಲಿ ಬರೆದು ಚಾಳಿನ ಬಾಗಿಲಿಗೆ ಅಂಟಿಸಿ. ಬಿಗಾರಿ (ಕೂಲಿ) ಕೆಲಸಕ್ಕೆ ಹೋಗುವವರು ನಮ್ಮವರೇ ಜಾಸ್ತಿ. ಕಲಬುರಗಿ ಬಿಸಿಲು ನೋಡಿದವರಿಗೆ ಇದೇನು ಅಂತ ಅಂದುಕೊಳ್ಳುತ್ತಾರೆ. ಇಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. 2023ರ ಏಪ್ರಿಲ್ 16ರಂದು ಖಾರ್ಘರ್‌ನಲ್ಲಿ ಬಯಲಿನ ಸಭೆಗೆ ಬಂದವರು ಬಿಸಿಲಿಗೆ ಬಿದ್ದು ಸತ್ತರಲ್ಲ, ಅದನ್ನು ನೆನಪು ಮಾಡಿ ಹೇಳಿ.

ಗುಡ್ಡದ ಚಾಳು, ಮುಂಬೈ

ಅಕ್ಕ, ಸಾರ್, ತುಂಬಾ ಉಪಕಾರ ಆಯಿತು. ಈಗ ಅತ್ತಿಗೆ ವಿಷಯ. ಅವರು ಮದುವೆಯಾಗಿ ಯಾದಗಿರಿಯಿಂದ ಬಂದವರು, ಅಣ್ಣ ಇಲ್ಲೇ ಹುಟ್ಟಿದವನು. ಅವರಿಗೆ ಇಲ್ಲಿನ ದಾಖಲೆ ಒಂದೂ ಸರಿ ಇಲ್ಲ. ಅವರ ಮಗನಿಗೆ ಈ ವರ್ಷ ಒಂದನೇ ತರಗತಿ. ಶಿಬಿರ ಮೇ ಮೂರನೇ ವಾರ ಅಂತ ಪುಸ್ತಿಕೆಯಲ್ಲಿದೆ, ಆಗ ನಮ್ಮ ಅರ್ಧ ಚಾಳು ಜಾತ್ರೆ, ಮದುವೆ ಅಂತ ಊರಲ್ಲಿ ಇರುತ್ತದೆ.

ಅರ್ಜಿ ಬರೆಯುವವ, ಠಾಣೆ

ನನ್ನ ಕೆಲಸವೇ ಇದು, ಸೇತು ಕೇಂದ್ರದ (ಸರಕಾರಿ ದಾಖಲೆಗೆ ಅರ್ಜಿ ಕೊಡುವ ಕೇಂದ್ರದ) ಹತ್ತಿರ ಫಾರ್ಮ್ ತುಂಬಿಕೊಡುತ್ತೇನೆ. ಅಧಿವಾಸ (ಡೊಮಿಸೈಲ್) ಪ್ರಮಾಣಪತ್ರಕ್ಕೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸದ ಪುರಾವೆ ಬೇಕು. ಅತ್ತಿಗೆಗೆ ಅದು ಇರುವುದಿಲ್ಲ, ಅಣ್ಣನಿಗೆ ಇರುತ್ತದೆ. ಮೊದಲು ಅಣ್ಣನದು ಮಾಡಿಸಿ, ಮದುವೆ ನೋಂದಣಿ ಮಾಡಿಸಿ, ರೇಷನ್ ಕಾರ್ಡಿನಲ್ಲಿ ಅತ್ತಿಗೆಯ ಹೆಸರು ಸೇರಿಸಿ. ಇದು ಆಗದೆ ಮುಂದಿನದು ಯಾವುದೂ ಆಗುವುದಿಲ್ಲ. ಹೆಂಗಸರಿಗೆ ತಿಂಗಳು ತಿಂಗಳು ಹಣ ಕೊಡುವ ಲಾಡಕಿ ಬಹೀಣ್ ಯೋಜನೆಯಲ್ಲೂ ಬೇರೆ ರಾಜ್ಯದಲ್ಲಿ ಹುಟ್ಟಿ ಇಲ್ಲಿನವರನ್ನು ಮದುವೆಯಾದ ಹೆಂಗಸರಿಗೆ ಗಂಡನ ದಾಖಲೆ ನಡೆಯುತ್ತದೆ ಅಂತಲೇ ಇಟ್ಟಿದ್ದರು. ಅದರ ಅರ್ಜಿ 2024ರ ಅಕ್ಟೋಬರ್‌ನಲ್ಲಿ ನಿಂತಿತು. ಹೊಸ ಫಾರ್ಮ್ ತುಂಬಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಕಾರ್ಯಾಲಯದಲ್ಲಿ ವಿಚಾರಿಸಿ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ನಮ್ಮವರು ತುಂಬಾ ಅಲೆಯುತ್ತಾರೆ. ಮನೆತನ ಮಹಾರಾಷ್ಟ್ರದಲ್ಲಿ ಯಾವಾಗಿಂದ ಇದೆ ಅನ್ನುವುದೇ ಇಲ್ಲಿ ಮುಖ್ಯ. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಹಿಂದುಳಿದ ವರ್ಗಕ್ಕೆ 13 ಅಕ್ಟೋಬರ್ 1967. ಅದಕ್ಕೂ ಮುಂಚೆ ಅಜ್ಜ ಇಲ್ಲಿ ಇದ್ದ ಅಂತ ತೋರಿಸುವ ಕಾಗದ, ಗಿರಣಿಯ ದಾಖಲೆ, ಶಾಲೆ ಬಿಟ್ಟ ಪತ್ರ, ಹಳೇ ಬಾಡಿಗೆ ಪಾವತಿ, ಏನಿದ್ದರೂ ಜೋಪಾನ ಮಾಡಿ. ಆಮೇಲೆ ಬಂದವರಿಗೆ ಇಲ್ಲಿನ ರಾಜ್ಯದ ಮೀಸಲಾತಿ ಸಿಗುವುದಿಲ್ಲ. ಯಾವ ಆಮದಾರರ ಚೀಟಿಯೂ ಇದನ್ನು ಬದಲಿಸಲು ಆಗುವುದಿಲ್ಲ, ಆ ಆಸೆಗೆ ಯಾರಿಗೂ ದುಡ್ಡು ಕಟ್ಟಬೇಡಿ.

ದಾಖಲೆ ತಡವಾದರೆ ಕೈಕಟ್ಟಿ ಕೂರಬೇಡಿ. 2015ರ ಲೋಕಸೇವಾ ಹಕ್ಕು ಕಾಯ್ದೆ ಇದೆ, ಪ್ರತಿ ಸೇವೆಗೂ ದಿನ ಗೊತ್ತುಮಾಡಿದ್ದಾರೆ, ರಾಜ್ಯ ಸರಕಾರದ ‘ಆಪಲೆ ಸರಕಾರ್’ ಪೋರ್ಟಲಿನಲ್ಲಿ ಅರ್ಜಿ ಹಾಕಿ ರಸೀದಿ ಇಟ್ಟುಕೊಂಡರೆ ದಿನ ಮೀರಿದಾಗ ಮೇಲ್ಮನವಿ ಮಾಡಬಹುದು. ತಪ್ಪಿದ ಅಧಿಕಾರಿಗೆ 500ರಿಂದ 5000 ರೂಪಾಯಿ ದಂಡ ಇದೆ. ಕಾಯ್ದೆಯ ಹೆಸರು ಎತ್ತಿದರೆ ಸಾಕು, ಎಷ್ಟೋ ಸಲ ಫೈಲು ಅಲ್ಲಾಡುತ್ತದೆ. ಶಿಬಿರದ ದಿನದ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಜೂನ್ ಎರಡನೇ ವಾರ ಇನ್ನೊಂದು ಶಿಬಿರ ಇಡಿ ಅಂತ ಬರೆದು ಕೇಳಿ. ಶಾಲೆ ಶುರುವಾಗುವ ಹೊತ್ತಿಗೆ ಎಲ್ಲರೂ ವಾಪಸ್ ಬಂದಿರುತ್ತಾರೆ, ಶಿಬಿರ ಇಡುವವರಿಗೂ ಅದೇ ಅನುಕೂಲ.

ಧಾರಾವಿ ಟೀಚರ್

ಮಗುವಿನ ಬಗ್ಗೆ. ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟು ಶಿಕ್ಷಣ ಹಕ್ಕು ಕಾಯ್ದೆಯಡಿ ಇವೆ. ಆರ್ಥಿಕವಾಗಿ ಹಿಂದುಳಿದವರಿಗೆ ಇಲ್ಲಿ ವರ್ಷದ ಆದಾಯ 1 ಲಕ್ಷದ ಒಳಗೆ ಇರಬೇಕು. 2024ರಲ್ಲಿ ಸರಕಾರ ಹತ್ತಿರದಲ್ಲಿ ಸರಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಗೆ ವಿನಾಯಿತಿ ಅಂತ ನಿಯಮ ತಂದಿತ್ತು, ಬಾಂಬೆ ಹೈಕೋರ್ಟು ಅದೇ ವರ್ಷ ಜುಲೈನಲ್ಲಿ ಅದನ್ನು ರದ್ದು ಮಾಡಿತು. ಈ ಸೀಟು ಹಂಚುವ ಲಾಟರಿ ಸಾಮಾನ್ಯವಾಗಿ ಬೇಸಿಗೆಗೂ ಮುಂಚೆ ಶುರುವಾಗುತ್ತದೆ, ಆದ್ದರಿಂದ ಮೇಯಲ್ಲಿ ಬಂದ ಪುಸ್ತಿಕೆ ನೋಡಿ ಓಡಿದರೆ ತಡ ಆಗಿರುತ್ತದೆ. ಪುಸ್ತಿಕೆಯನ್ನು ಜನವರಿಯಲ್ಲೂ ಒಂದು ಹಂಚಲಿ ಅಂತ ನಾನಾದರೆ ಕೇಳುತ್ತೇನೆ.

ಸೀಟು ಸಿಗದಿದ್ದರೆ ಬೇಸರ ಬೇಡ. ಪಾಲಿಕೆಯ ಶಾಲೆಗಳು ಎಂಟು ಭಾಷೆಗಳಲ್ಲಿ ನಡೆಯುತ್ತವೆ, ಕನ್ನಡವೂ ಅದರಲ್ಲಿ ಒಂದು. ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುವುದು ಕಡಿಮೆಯಾದರೆ ಅದನ್ನು ಮುಚ್ಚುವ ಮಾತು ಬರುತ್ತದೆ. ನಿವೇದನದಲ್ಲಿ ಅದಕ್ಕೂ ಒಂದು ಸಾಲು ಇರಲಿ. ಹಾಗೆಯೇ ಪುಸ್ತಿಕೆಯ ಮಾಹಿತಿ ಪುಟಗಳು ಕನ್ನಡದಲ್ಲೂ ಬರಬೇಕು, ಕ್ಷೇತ್ರದಲ್ಲಿ ನಾವು ಇಷ್ಟು ಜನ ಇದ್ದೇವಲ್ಲ.

ಮಾಟುಂಗದ ಹಳಬ

ಟೀಚರಮ್ಮ, ಇಲ್ಲಿ ನನ್ನ ಅಭಿಪ್ರಾಯ ಬೇರೆ. ಮೊದಲನೇ ಅರ್ಜಿಯಲ್ಲೇ ಭಾಷೆಯ ಮಾತು ಎತ್ತಿದರೆ ಗೋಡೆಯ ಮಾತು ಹಿಂದೆ ಬೀಳುತ್ತದೆ. ಕನ್ನಡ ಪುಟ ನಾವೇ ಮಾಡಿಕೊಂಡರೆ ಆಯಿತು. ಶಾಲೆಯ ವಿಷಯಕ್ಕೆ ಬೇರೆ ಅರ್ಜಿ ಕೊಡಲಿ. ಗೋಡೆಯ ಅರ್ಜಿ ಶುದ್ಧ ಮರಾಠಿಯಲ್ಲಿ, ಒಂದೇ ಪುಟದಲ್ಲಿ ಇರಲಿ.

ಧಾರಾವಿ ಟೀಚರ್

ಬೇರೆ ಅರ್ಜಿ ಆಗಲಿ ಸಾರ್, ಅದಕ್ಕೆ ಒಪ್ಪುತ್ತೇನೆ. ಆದರೆ ಓದಲು ಬರದ ಅಜ್ಜಿಗೆ ಶಿಬಿರದ ದಿನಾಂಕ ಗೊತ್ತಾಗದಿದ್ದರೆ ಶಿಬಿರ ಇದ್ದು ಏನು ಪ್ರಯೋಜನ? ಕನ್ನಡ ಪುಟ ನಾವು ಮಾಡಿಕೊಡೋಣ, ಅಚ್ಚು ಅವರು ಹಾಕಿಸಲಿ.

ಗುಡ್ಡದ ಚಾಳು, ಮುಂಬೈ

ಎರಡೂ ಮಾಡುತ್ತೇನೆ, ಬೇರೆ ಬೇರೆ ಕಾಗದದಲ್ಲಿ. ಒಂದು ಅಳುಕು ಇದೆ. ನಮ್ಮ ಚಾಳಿನಲ್ಲಿ ಕೆಲವರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿದೆ. ಸಹಿ ಹಾಕಿದರೆ ‘ನೀವು ನಮ್ಮ ಮತದಾರರೇ ಅಲ್ಲ’ ಅಂದರೆ?

ಕುರ್ಲಾ ಅಕ್ಕ

ಸಹಿ ಹಾಕಲಿ, ಗೋಡೆ ಬಿದ್ದರೆ ಪಟ್ಟಿ ನೋಡಿ ಬೀಳುವುದಿಲ್ಲ. ಆದರೆ ಇಲ್ಲೇ ಸಂಸಾರ ಮಾಡುವವರು ಫಾರ್ಮ್ 8 ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲಿ. ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಊರಿನ ಪಂಚಾಯಿತಿ ಚುನಾವಣೆಗೆ ಅಂತ ಹೆಸರು ಅಲ್ಲೇ ಬಿಡುತ್ತಾರೆ, ವರ್ಷವಿಡೀ ನೀರಿಗೆ ಇಲ್ಲಿ ಒದ್ದಾಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಮತ್ತೆ ಆಸ್ಪತ್ರೆ ಪುಟ ಬಿಡಬೇಡ ತಮ್ಮಾ. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಯಾವ ಬಣ್ಣದ ರೇಷನ್ ಕಾರ್ಡ್ ಇದ್ದರೂ ನಡೆಯುತ್ತದೆ. ಯೋಜನೆಯ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ದುಡ್ಡು ಕಟ್ಟುವ ಮೊದಲು ಅವರನ್ನು ಕಾಣಬೇಕು.

ಮಾಟುಂಗದ ಹಳಬ

ಕೊನೆಗೆ ಇನ್ನೊಂದು. ಮಳೆಗಾಲದ ಅಧಿವೇಶನ ಮುಂಬೈಯಲ್ಲೇ ನಡೆಯುತ್ತದೆ, ಚಳಿಗಾಲದ್ದು ನಾಗಪುರಕ್ಕೆ ಹೋಗುತ್ತದೆ. ಅಧಿವೇಶನಕ್ಕೆ ಮುಂಚೆ ನಿನ್ನ ಕಾಗದ ಅವರ ಕೈಯಲ್ಲಿದ್ದರೆ ಪ್ರಶ್ನೆ ಹಾಕಬಹುದು, ಲಕ್ಷವೇಧಿ (ಗಮನ ಸೆಳೆಯುವ) ಸೂಚನೆ ಕೊಟ್ಟು ಮಂತ್ರಿಯಿಂದ ಉತ್ತರ ಪಡೆಯಬಹುದು. ನಿವೇದನದ ಕೆಳಗೆ ಅದನ್ನೇ ನೇರವಾಗಿ ಕೇಳು. ಒಂದು ಪ್ರತಿ ವಾರ್ಡ್ ಆಫೀಸಿಗೆ, ಒಂದು ಜಿಲ್ಲಾಧಿಕಾರಿ ಕಚೇರಿಗೆ ಅಂತ ಕೆಳಗೆ ನಮೂದಿಸು. ಮರಾಠಿ ಕರಡು ಇಲ್ಲಿ ಹಾಕು, ನಾನು ತಿದ್ದಿಕೊಡುತ್ತೇನೆ.