ಸಂಧಿವಾತವಿರುವ ತಾಯಿಗೆ ಪಾದ ಎತ್ತಲಾಗುತ್ತಿಲ್ಲ: ಕೀಲಿನ ಕಾಯಿಲೆ ನರಕ್ಕೂ ತಾಗುತ್ತದೆಯೇ?

ಪ್ರಶ್ನೆ: ಮಗಳು, ಶಹಾಪುರ

ನಮ್ಮ ತಾಯಿಯವರಿಗೆ ಅರವತ್ತು ದಾಟಿದೆ. ಬಹಳ ವರ್ಷಗಳಿಂದ ರುಮಟಾಯ್ಡ್ ಸಂಧಿವಾತವಿದ್ದು ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆ. ತೊಗರಿ ರಾಶಿಯ ಕಾಲದಲ್ಲಿ ಮಾತ್ರೆ ಬಿಟ್ಟದ್ದೂ ಉಂಟು. ಕಳೆದ ತಿಂಗಳು ಬಲಗಾಲಿನಲ್ಲಿ ವಿಪರೀತ ಉರಿ ಶುರುವಾಯಿತು. ಈ ವಾರ ಒಂದು ಬೆಳಿಗ್ಗೆ ಎದ್ದಾಗ ಆ ಪಾದವನ್ನು ಮೇಲೆತ್ತಲು ಬರಲೇ ಇಲ್ಲ; ನಡೆಯುವಾಗ ಚಪ್ಪಲಿ ಕಳಚಿ ಬೀಳುತ್ತದೆ. ಎಡಗೈಯ ಕಿರುಬೆರಳೂ ಜೋಮು ಹಿಡಿದಂತಿದೆ. ಊರಿನಲ್ಲಿ ನರದೌರ್ಬಲ್ಯವೆಂದು ಹೇಳಿ ಬಿ12 ಚುಚ್ಚುಮದ್ದು ಆರಂಭಿಸಿದ್ದಾರೆ. ಸಕ್ಕರೆ ಕಾಯಿಲೆಯಿಲ್ಲ, ಕೀಲುನೋವು ಈಚೆಗೆ ಕಡಿಮೆಯೇ ಇದೆ. ಚುಚ್ಚುಮದ್ದು ಮುಗಿಯುವವರೆಗೆ ಕಾಯಬಹುದೇ, ಅಥವಾ ಈಗಲೇ ಕಲಬುರಗಿಗೆ ಕರೆದೊಯ್ಯಬೇಕೇ?

ಉತ್ತರ: ವೈದ್ಯ, ಕಲಬುರಗಿ

ಕಾಯಬೇಡಿ. ಬಿ12 ಕೊರತೆಯಾಗಲಿ ಸಕ್ಕರೆ ಕಾಯಿಲೆಯಾಗಲಿ ನರಗಳಿಗೆ ತಾಗಿದಾಗ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಸಮನಾಗಿ ಆರಂಭವಾಗಿ ನಿಧಾನವಾಗಿ ಮೇಲೇರುತ್ತದೆ. ನಿಮ್ಮ ತಾಯಿಯವರಲ್ಲಿ ಹಾಗಾಗಿಲ್ಲ. ಬಲಗಾಲಿನ ಒಂದು ನರ, ಎಡಗೈಯ ಇನ್ನೊಂದು ನರ ಬಿಡಿಬಿಡಿಯಾಗಿ ಸೋತಿವೆ. ಇದಕ್ಕೆ ಮಾನೊನ್ಯೂರೈಟಿಸ್ ಮಲ್ಟಿಪ್ಲೆಕ್ಸ್ ಎಂದು ಹೆಸರು. ಹಳೆಯ ಸಂಧಿವಾತದವರಲ್ಲಿ ಇದನ್ನು ಕಂಡರೆ ಮೊದಲು ಸಂಶಯಪಡಬೇಕಾದದ್ದು ರಕ್ತನಾಳಗಳ ಉರಿಯೂತವನ್ನು, ಅಂದರೆ ವ್ಯಾಸ್ಕ್ಯುಲೈಟಿಸ್ ಅನ್ನು.

ರುಮಟಾಯ್ಡ್ ಸಂಧಿವಾತ ಕೀಲಿನಲ್ಲಿ ಎದ್ದು ಕಾಣುತ್ತದೆಯಾದರೂ ಮೂಲತಃ ಅದು ರೋಗನಿರೋಧಕ ವ್ಯವಸ್ಥೆಯ ಕಾಯಿಲೆ. ಪ್ರತಿ ನರದೊಳಗೂ ಅದನ್ನು ಪೋಷಿಸುವ ಅತಿ ಸೂಕ್ಷ್ಮ ರಕ್ತನಾಳಗಳಿರುತ್ತವೆ. ದೇಹದ ರಕ್ಷಣೆಗೆಂದು ಹುಟ್ಟುವ ಪ್ರತಿಕಾಯಗಳು ಗುಂಪುಗೂಡಿ ಆದ ಸಂಕೀರ್ಣಗಳು ಆ ನಾಳಗಳ ಗೋಡೆಯಲ್ಲಿ ಸೇರಿಕೊಂಡು, ಬಿಳಿ ರಕ್ತಕಣಗಳು ಅಲ್ಲಿಗೆ ಮುತ್ತಿ, ಗೋಡೆ ಊದಿ ನಾಳ ಮುಚ್ಚಿಹೋದರೆ, ಅದನ್ನೇ ನಂಬಿದ್ದ ನರತಂತುಗಳು ರಕ್ತವಿಲ್ಲದೆ ಸಾಯುತ್ತವೆ. ಮೊದಲು ಉರಿ, ಆಮೇಲೆ ಹಠಾತ್ತನೆ ಬಲ ಹೋಗುವುದು ಹೀಗೆ. ಕೀಲುನೋವು ತಗ್ಗಿದೆಯೆಂಬುದು ಇಲ್ಲಿ ಸಮಾಧಾನದ ಮಾತಲ್ಲ, ಏಕೆಂದರೆ ಕೀಲುಗಳು ತಣ್ಣಗಾದ ಹಳೆಯ ರೋಗಿಗಳಲ್ಲೇ ಈ ತೊಡಕು ಹೆಚ್ಚಾಗಿ ಕಾಣಿಸುತ್ತದೆ.

ಸಂಧಿವಾತದವರ ಎಲ್ಲ ಜೋಮೂ ಇದೇ ಅಲ್ಲ. ಮಣಿಕಟ್ಟಿನ ಬಾವು ಮೀಡಿಯನ್ ನರವನ್ನು ಒತ್ತಿದರೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮುಗಟ್ಟುತ್ತವೆ. ಅದು ಒತ್ತಡದ ತೊಂದರೆ. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಎಂಬ ಮಾತ್ರೆಯೂ ಪಾದದ ಉರಿ ತರಬಲ್ಲದು, ಆದ್ದರಿಂದ ಹಳೆಯ ಚೀಟಿಗಳನ್ನೆಲ್ಲ ತನ್ನಿ. ನರದಲ್ಲಿ ಸಂಕೇತ ಹೇಗೆ ಹರಿಯುತ್ತದೆಂದು ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ, ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆಂಕಾ ಎಂಬ ಪ್ರತಿಕಾಯಗಳು, ಹೆಪಟೈಟಿಸ್ ಬಿ ಮತ್ತು ಸಿ, ಮೂತ್ರದಲ್ಲಿ ಪ್ರೋಟೀನ್ ಹಾಗೂ ರಕ್ತ, ಇವನ್ನು ನೋಡಬೇಕಾಗುತ್ತದೆ. ಬೇಕಾದರೆ ಹಿಮ್ಮಡಿಯ ಬಳಿಯ ಸೂರಲ್ ನರದ ಸಣ್ಣ ತುಣುಕನ್ನು ಬಯಾಪ್ಸಿಗೆ ತೆಗೆಯುತ್ತಾರೆ. ಖಚಿತವಾದರೆ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್, ಜೊತೆಗೆ ನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೊಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್ ಕೊಡುವುದು ರೂಢಿ. ಸತ್ತ ತಂತುಗಳು ಮರಳುವುದು ನಿಧಾನ. ಚಿಕಿತ್ಸೆಯ ಅವಸರವಿರುವುದು ಮುಂದಿನ ನರ ಬೀಳದಿರಲೆಂದು.

ಉತ್ತರ: ಆರೋಗ್ಯ ಕಾರ್ಯಕರ್ತ, ಯಾದಗಿರಿ

ಡಾಕ್ಟರ್ ಹೇಳಿದ್ದನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಮೊಣಕಾಲಿನ ಹೊರಬದಿಯಲ್ಲಿ ಹಾದುಹೋಗುವ, ಪಾದ ಎತ್ತಿಸುವ ಪೆರೋನಿಯಲ್ ನರ ಮತ್ತು ಮೊಣಕೈಯ ಹಿಂದಿನ, ಕಿರುಬೆರಳಿಗೆ ಹೋಗುವ ಅಲ್ನರ್ ನರ, ಇವೆರಡೂ ಕುಷ್ಠರೋಗ ಹೆಚ್ಚಾಗಿ ಹಿಡಿಯುವ ನರಗಳು. ಅಲ್ಲಿಯೂ ರೋಗಾಣುವಿನ ವಿರುದ್ಧ ದೇಹದ ನಿರೋಧಕ ಶಕ್ತಿ ಹಠಾತ್ತನೆ ಕೆರಳಿ, ನರ ಊದಿ, ಪಾದ ಜೋತುಬೀಳಬಹುದು. ಇದನ್ನು ರಿಯಾಕ್ಷನ್ ಎನ್ನುತ್ತಾರೆ. ಭಾರತವು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಲ್ಲಿ ಕುಷ್ಠವನ್ನು ನಿವಾರಿಸಿದೆಯೆಂದು 2005ರಲ್ಲಿ ಘೋಷಿಸಿದರೂ ಹೊಸ ರೋಗಿಗಳು ಇಂದಿಗೂ ಬರುತ್ತಿದ್ದಾರೆ, ಕೆಲವರಲ್ಲಿ ಚರ್ಮದ ಮೇಲೆ ಮಚ್ಚೆಯೇ ಇರುವುದಿಲ್ಲ. ಆದುದರಿಂದ ಆ ಎರಡು ಜಾಗಗಳಲ್ಲಿ ನರ ದಪ್ಪಗಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ಕೈಯಿಂದ ನೋಡಿಸಿ. ಆ ಪರೀಕ್ಷೆಯಾಗುವ ಮುನ್ನ ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ತಂದು ನುಂಗಿಸಬೇಡಿ. ಕುಷ್ಠಕ್ಕೆ ಕೊಡುವ ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಮಗಳು, ಶಹಾಪುರ

ನಾಳೆಯೇ ಹೊರಡುತ್ತೇವೆ. ಆದರೆ ನಮ್ಮ ಓಣಿಯ ಹುಡುಗನೊಬ್ಬನಿಗೆ ಭೇದಿಯಾದ ಮೇಲೆ ಎರಡೂ ಕಾಲು ಸೋತಿದ್ದವು. ಅದೂ ರೋಗನಿರೋಧಕ ತೊಂದರೆಯೇ ಎಂದಿದ್ದರು, ಆದರೂ ಸ್ಟೀರಾಯ್ಡ್ ಕೊಡಲಿಲ್ಲ. ತಾಯಿಗೆ ಮಾತ್ರ ಅದು ಏಕೆ?

ವೈದ್ಯ, ಕಲಬುರಗಿ

ಒಳ್ಳೆಯ ಪ್ರಶ್ನೆ. ಆ ಹುಡುಗನದು ಬಹುಶಃ ಗಿಯಾನ್-ಬಾರೆ ಸಿಂಡ್ರೋಮ್. ಕ್ಯಾಂಪಿಲೊಬ್ಯಾಕ್ಟರ್ ಎಂಬ ಭೇದಿಯ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಕೆಲವು ಅಣುಗಳು ನಮ್ಮ ನರದ ಪೊರೆಯ ಅಣುಗಳನ್ನು ಹೋಲುವುದರಿಂದ, ಸೋಂಕಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳು ನರವನ್ನೇ ಹೊಡೆಯುತ್ತವೆ. ಅದು 4 ವಾರಗಳೊಳಗೆ ತುದಿ ಮುಟ್ಟಿ ತಾನಾಗಿಯೇ ನಿಲ್ಲುತ್ತದೆ. ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳಾದ ಇಮ್ಯುನೊಗ್ಲಾಬ್ಯುಲಿನ್ ಅಥವಾ ರಕ್ತದ ದ್ರವಭಾಗವಾದ ಪ್ಲಾಸ್ಮಾದ ಬದಲಾವಣೆಯಿಂದ ಪ್ರಯೋಜನವಿದೆ, ಸ್ಟೀರಾಯ್ಡ್‌ನಿಂದ ಇಲ್ಲವೆಂದು ಪ್ರಯೋಗಗಳಲ್ಲಿ ತಿಳಿದಿದೆ. ವಿಚಿತ್ರವೆಂದರೆ, ಅದನ್ನೇ ಹೋಲುವ, 8 ವಾರಗಳಿಗೂ ಮೀರಿ ಬೆಳೆಯುವ ಸಿಐಡಿಪಿ ಎಂಬ ಕಾಯಿಲೆಗೆ ಸ್ಟೀರಾಯ್ಡ್ ಕೆಲಸ ಮಾಡುತ್ತದೆ. ದಾಳಿ ಎಲ್ಲಿ ನಡೆದಿದೆ, ಎಷ್ಟು ವೇಗದಲ್ಲಿ ನಡೆದಿದೆ ಎಂಬುದರ ಮೇಲೆ ಔಷಧ ನಿಂತಿದೆ; ತಾಯಿಯವರಲ್ಲಿ ಸಂಶಯವಿರುವುದು ರಕ್ತನಾಳದ ಮೇಲಿನ ದಾಳಿ.

ಉತ್ತರ: ಫಿಸಿಯೊಥೆರಪಿಸ್ಟ್, ಬೀದರ್

ಚಿಕಿತ್ಸೆ ಶುರುವಾದ ಮೇಲೂ ತಾಳ್ಮೆ ಬೇಕು. ನರತಂತು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ತೊಡೆಯ ಮಟ್ಟದಲ್ಲಿ ಹಾನಿಯಾಗಿದ್ದರೆ ಪಾದ ಎತ್ತುವ ಸ್ನಾಯುವನ್ನು ಅದು ತಲುಪಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಪಾದವನ್ನು ಎತ್ತಿಹಿಡಿಯುವ ಸ್ಪ್ಲಿಂಟ್ ಕಟ್ಟಿಸಿ, ಇಲ್ಲವಾದರೆ ಹಿಮ್ಮಡಿಯ ಸ್ನಾಯು ಬಿಗಿದು ಪಾದ ಹಾಗೆಯೇ ನಿಂತುಬಿಡುತ್ತದೆ, ಎಡವಿ ಬೀಳುವ ಅಪಾಯವೂ ಇದೆ. ಉರಿಯೆಂದು ಬಿಸಿನೀರಿನಲ್ಲಿ ಕಾಲಿಡಲು ಬಿಡಬೇಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಅಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೂ, ಸ್ಪರ್ಶಜ್ಞಾನವಿಲ್ಲದ ಅಂಗಾಲಿನಲ್ಲಿ ತಿಳಿಯದೆಯೇ ಬೊಕ್ಕೆ ಏಳುತ್ತದೆ. ಹಿಂಬದಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಸಿ, ಮಲಗುವ ಮುನ್ನ ಅಂಗಾಲನ್ನು ನೀವೇ ನೋಡಿ.